ಮೂರು ಕೆಜಿ

ಕೂಡ್ಲಿಗಿಯ ಮೈದಾನದಲ್ಲಿ ಹುಡುಗಿಯರು ನಾಲ್ಕನೇ ಸುತ್ತು ಓಡುತ್ತಿದ್ದಾಗ ಗೀತಮ್ಮ ಮಗಳ ಕೈ ಹಿಡಿದು ಎಳೆದುಕೊಂಡೇ ಒಳಗೆ ಬಂದಳು. ಅಮೃತಾ ದಿನವೂ ಕಾನಹೊಸಹಳ್ಳಿಯಿಂದ ಮೊದಲ ಬಸ್ಸಿಗೆ ಒಬ್ಬಳೇ ಬರುವವಳು. ಇವತ್ತು ಜೊತೆಗೆ ತಾಯಿಯನ್ನು ಕಂಡು ಪಾಲಾಕ್ಷ ನಗುತ್ತ ಎದುರಿಗೆ ಹೋದ. ಅವನು ಹೈಸ್ಕೂಲಿನ ದೈಹಿಕ ಶಿಕ್ಷಕ. ಬೆಳಗಿನ ಹೊತ್ತು ಓಡುವ ಹುಡುಗಿಯರಿಗೆ ತಾನಾಗಿಯೇ ಕಲಿಸುತ್ತಿದ್ದ. ಹತ್ತೊಂಬತ್ತರ ಅಮೃತಾ ಅವರಲ್ಲೆಲ್ಲ ಗಟ್ಟಿ ಓಟಗಾರ್ತಿ. ಇನ್ನು ಮೂರು ವಾರಕ್ಕೆ ವಿಶ್ವವಿದ್ಯಾಲಯದ ಆಯ್ಕೆ ಓಟವಿತ್ತು.

ಗೀತಮ್ಮ ನಗಲಿಲ್ಲ. "ಸರ, ನಾಕು ತಿಂಗಳಾತು, ಈಕಿ ಮುಟ್ಟಾಗಿಲ್ಲ. ಕೇಳಿದ್ರ ಯಾರೂ ಇಲ್ಲ ಅಂತಾಳ. ಕತ್ತಲಾಗ ಎದ್ದು ಬರಾದು ನಿಮ್ಮ ಹತ್ರ. ಯಾರು ಅಂತ ನೀವ ಹೇಳ್ರಿ."

ಪಾಲಾಕ್ಷನಿಗೆ ಮೊದಲು ಹೊಳೆದದ್ದು ತನ್ನ ಹೆಸರು, ತನ್ನ ನೌಕರಿ. ಗೇಟಿನ ಹತ್ತಿರ ಯಾರಾದರೂ ಕೇಳಿಸಿಕೊಂಡರೇ ಎಂದು ತಿರುಗಿ ನೋಡಿದ. ಆಮೇಲಷ್ಟೇ ಹುಡುಗಿಯತ್ತ ನೋಡಿದ. ಆರು ತಿಂಗಳಿಂದ ಅವಳನ್ನು ದಿನವೂ ಕಾಣುತ್ತಿದ್ದರೂ ಅವನ ಕಣ್ಣು ಇರುತ್ತಿದ್ದದ್ದು ಕೈಯಲ್ಲಿನ ಗಡಿಯಾರದ ಮೇಲೆ. ಅವಳ ಎಡಗೆನ್ನೆಯಲ್ಲಿ ಬೆರಳುಗಳ ಗುರುತಿತ್ತು. ಕೊರಳಿನ ಎಲುಬುಗಳು ಎದ್ದು ನಿಂತಿದ್ದವು. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು, ಅವಳು ಜಾಕೆಟ್ ತೆಗೆದಿರಲಿಲ್ಲ.

ಹೋದ ವರ್ಷ ಬಳ್ಳಾರಿಯಲ್ಲಿ ಶಿಕ್ಷಕರಿಗೆ ತರಬೇತಿ ಇತ್ತು. ಓಡುವ ಹೆಣ್ಣುಮಕ್ಕಳ ಬಗ್ಗೆ ವೈದ್ಯೆಯೊಬ್ಬರು ಮಾತಾಡಲು ನಿಂತಾಗ, ಹೆಂಗಸರ ವಿಷಯ ನಮಗ್ಯಾಕೆ ಎಂದು ಪಾಲಾಕ್ಷ ಚಹಾಕ್ಕೆ ಎದ್ದು ಹೋಗಿದ್ದ. ಅವರು ಆಮೇಲೆ ವಾಟ್ಸಾಪ್ ಗುಂಪಿಗೆ ಕಳಿಸಿದ್ದ ಹಾಳೆಗಳು ಅವನ ಮೊಬೈಲಿನಲ್ಲಿ ಹಾಗೇ ಬಿದ್ದಿದ್ದವು. ಈಗ ನಿಂತಲ್ಲೇ ತೆರೆದು ಓದಿದ. ಮುಟ್ಟು ನಿಲ್ಲುವುದು ಕಷ್ಟಪಟ್ಟು ಓಡುವುದರ ಗುರುತಲ್ಲ, ಅದು ಎಚ್ಚರಿಕೆ ಎಂದಿತ್ತು. ಮೈಗೆ ಚಳಿ, ಎಲುಬು ನೋವು, ಮೊದಲು ವೇಗ ಹೆಚ್ಚಿ ಆಮೇಲೆ ಕುಸಿಯುವುದು. ಬರೆದದ್ದೆಲ್ಲ ಅವನ ಎದುರಿಗೇ ನಿಂತಿತ್ತು.

"ಅಮೃತಾ, ನಿನ್ನೆ ರಾತ್ರಿ ಏನ್ ಉಂಡಿ?"

"ಅರ್ಧ ರೊಟ್ಟಿ, ಸರ್."

"ಈಗ ಮುಂಜಾನಿ?"

ಅವಳು ಇಲ್ಲವೆಂದು ತಲೆಯಾಡಿಸಿದಳು.

"ಖಾನಾವಳಿಗೆ ದಿನಾ ನೂರು ರೊಟ್ಟಿ ಬಡಿಯೋಳು ನಾನು," ಗೀತಮ್ಮ ಸಿಡುಕಿದಳು. "ನಮ್ಮ ಮನ್ಯಾಗ ರೊಟ್ಟಿಗೇನ್ ಕಡಿಮಿ ಐತಿ? ಕೇಳಿದ್ರ ಗೆಳತಿ ಮನ್ಯಾಗ ಉಂಡೀನಿ ಅಂತಿದ್ಲು."

"ಸರ್ ಹೇಳಿದ್ರು," ಎಂದಳು ಅಮೃತಾ ನೆಲ ನೋಡುತ್ತ. "ಮೂರು ಕೆಜಿ ಇಳಿಸಿದ್ರ ಮೆಡಲ್ ನಿನಗ ಅಂತ. ಮೂರು ಇಳಿದಮ್ಯಾಲ ಟೈಮ್ ಚಲೋ ಬಂತು. ಅದಕ ಇನ್ನೂ ಇಳಿಸಿದೆ."

ಅವನಿಗೆ ನೆನಪಿತ್ತು. ಎಲ್ಲರೆದುರು ನಗುತ್ತ ಅಂದಿದ್ದ ಮಾತದು. ಅವಳು ಹಗುರಾದಾಗ "ಈಕೀನ್ನ ನೋಡಿ ಕಲೀರಿ" ಎಂದು ಉಳಿದವರಿಗೂ ಹೇಳಿದ್ದ. ಮೊಣಕಾಲ ಕೆಳಗೆ ನೋಯುತ್ತದೆ ಎಂದಾಗ ಮಂಜುಗಡ್ಡೆ ಇಟ್ಟುಕೋ ಎಂದಿದ್ದ. ಈಗಲೂ, ಏನೋ ಕಾಯಿಲೆ ಇರಬಹುದು, ತೋರಿಸಿ ಎಂದಷ್ಟೇ ಹೇಳಿ ಕಳಿಸಿದ್ದರೆ ಯಾರೂ ಅವನತ್ತ ಬೆರಳು ಮಾಡುತ್ತಿರಲಿಲ್ಲ.

"ಅಕ್ಕಾರ, ತಪ್ಪು ನಂದು," ಎಂದ. "ಓಡೋ ಮೈಗೆ ಊಟ ಸಾಲದಿದ್ರ ಅದು ಒಂದೊಂದ ಕೆಲಸ ನಿಲ್ಲಿಸಿಬಿಡ್ತೈತಂತ. ಮುಟ್ಟು ನಿಲ್ತೈತಿ, ಆಮ್ಯಾಲ ಎಲುಬು ಸವೀತಾವ. ನಾ ಓದಬೇಕಿತ್ತು, ಓದಲಿಲ್ಲ."

"ಅಂದ್ರ... ಬ್ಯಾರೆ ಏನೂ ಇಲ್ಲಂತೀರೇನು?"

"ಡಾಕ್ಟರ್ ನೋಡಿ ಹೇಳ್ಲಿ. ಈಗ ಹೋಗೂಣು ಬರ್ರಿ."

ಮಧ್ಯಾಹ್ನದ ಹೊತ್ತಿಗೆ ಆಸ್ಪತ್ರೆಯಲ್ಲಿ ಎಲ್ಲ ತಿಳಿಯಿತು. ಗೀತಮ್ಮ ಹೆದರಿದ್ದು ಸುಳ್ಳಾಗಿತ್ತು. ಆದರೆ ಆರು ತಿಂಗಳಲ್ಲಿ ಏಳು ಕೆಜಿ ಕರಗಿತ್ತು; ಎಡಗಾಲಿನ ಎಲುಬು ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಮೂರು ತಿಂಗಳು ಓಡುವಂತಿಲ್ಲ, ಹೊಟ್ಟೆ ತುಂಬ ಉಣ್ಣಬೇಕು, ಮುಟ್ಟು ಮರಳುವವರೆಗೆ ತಿಂಗಳಿಗೊಮ್ಮೆ ಬಂದು ತೋರಿಸಬೇಕು ಎಂದರು ಡಾಕ್ಟರಮ್ಮ.

ಹೊರಗಿನ ಬೆಂಚಿನ ಮೇಲೆ ಮೂವರೂ ಕೂತರು. "ಆಯ್ಕಿ ಓಟ ಮುಂದಿನ ವರ್ಷಾನೂ ಇರ್ತೈತಿ," ಎಂದು ಪಾಲಾಕ್ಷ ಸಮಾಧಾನ ಹೇಳಲು ಹೋದ.

"ಓಟ ಹೋದ್ರ ಹೋಗ್ಲಿ ಬಿಡ್ರಿ ಸರ್," ಎಂದಳು ಅಮೃತಾ. ಅವಳ ದನಿ ಒಡೆದಿತ್ತು. "ಯಾರೂ ಇಲ್ಲ ಅಂತ ಆಣಿ ಮಾಡಿ ಹೇಳಿದೆ. ಅವ್ವ ನಂಬಲಿಲ್ಲ."

ಗೀತಮ್ಮ ಮಗಳ ಕೆನ್ನೆ ಮುಟ್ಟಲು ಕೈ ಚಾಚಿದಳು. ಕೈ ಅರ್ಧಕ್ಕೇ ನಿಂತಿತು. ಅದನ್ನು ಹಿಂದಕ್ಕೆಳೆದು ಸೆರಗಿನಲ್ಲಿ ಮುಚ್ಚಿಕೊಂಡಳು. ಆಮೇಲೆ ಎದ್ದು, "ಬಾ, ಉಣ್ಣೂಣು," ಎಂದಳು. ಪಾಲಾಕ್ಷನನ್ನು ಕರೆಯಲಿಲ್ಲ.

ಮರುದಿನ ಬೆಳಿಗ್ಗೆ ಮೈದಾನಕ್ಕೆ ಬಂದ ಹನ್ನೊಂದು ಹುಡುಗಿಯರನ್ನು ಅವನು ಸಾಲಾಗಿ ನಿಲ್ಲಿಸಿದ. ಸೀಟಿ ಊದಲಿಲ್ಲ.

"ಏನರ ತಿಂದು ಬಂದೋರು ಕೈ ಎತ್ರಿ."

ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಂದು ಕೈಯೂ ಮೇಲೇಳಲಿಲ್ಲ. ಕೊನೆಗೆ, ಎಲ್ಲರಿಗಿಂತ ಚಿಕ್ಕವಳಾದ ದುರ್ಗಾ ಸಾಲಿನ ತುದಿಯಿಂದ ಅಳುಕುತ್ತ ಕೇಳಿದಳು:

"ಸರ್, ಬರೇ ಚಾ ಕುಡಿದು ಬಂದೋರು ಎತ್ತಬೌದೇನ್ರಿ?"