ರೀಲು ಓಡದ ಕ್ಯಾಮರಾ

“ಬಿಚ್ಚಿ ನೋಡಿ ಅತ್ತಿಗೆ, ಒಳಗೆ ರೀಲು ಓಡ್ತಾನೇ ಇಲ್ಲ,” ಎಂದಳು ನಾದಿನಿ. ಗಂಡನ ಹಳೇ ಕ್ಯಾಮರಾ ಹಿಡಿದಿದ್ದ ಅತ್ತಿಗೆಯ ಕೈ ತಡೆಯಿತು. ರೀಲು ಓಡಿದ್ದರೆ, ಬೆಳಕು ಬಿದ್ದ ಕೂಡಲೇ ಗಂಡ ತೆಗೆದ ಚಿತ್ರಗಳೆಲ್ಲ ಹಾಳಾಗುತ್ತವೆ. ಹೋದ ವರ್ಷ, ತೀರಿಕೊಳ್ಳುವುದಕ್ಕೆ ಕೆಲವೇ ದಿನ ಮುಂಚೆ, ಅವನು ಇದೇ ತೋಪಿನಲ್ಲಿ ಹಣ್ಣೆಲೆಗಳ ಬೆನ್ನು ಹತ್ತಿದ್ದ. ಅವನು ಕಂಡದ್ದೇನೆಂದು ನೋಡಬೇಕೆಂಬ ಒಂದೇ ಆಸೆ ಅವಳಿಗೆ.

ಕೊನೆಗೆ ಬಿಚ್ಚಿದಳು. ರೀಲಿನ ತುದಿ ಸುರುಳಿಗೆ ಸಿಕ್ಕಿಕೊಂಡೇ ಇರಲಿಲ್ಲ. ಒಂದು ಚಿತ್ರವೂ ಬಂದಿರಲಿಲ್ಲ.

“ನನ್ನ ಡಿಜಿಟಲ್ಲನ್ನ ಆಟದ ಸಾಮಾನು ಅಂತ ಆಡ್ಕೋತಿದ್ದ ಮಹಾಶಯ! ಇಡೀ ದಿನ ಗಾಳಿಗೆ ಕ್ಲಿಕ್ ಮಾಡಿದಾನೆ,” ಎಂದು ನಗಲು ಹೋದ ನಾದಿನಿ ಮೂಗೊರೆಸಿಕೊಂಡಳು. ಆಮೇಲೆ ತನ್ನ ಕ್ಯಾಮರಾದಲ್ಲಿ ಆ ದಿನದ ಒಂದು ಚಿತ್ರ ಹುಡುಕಿ ತೋರಿಸಿದಳು. ಓರೆಯಾಗಿ ಬೆಳೆದ ಮರದ ಕೆಳಗೆ ಅಣ್ಣ, ಕಣ್ಣಿಗೆ ಕ್ಯಾಮರಾ ಒತ್ತಿ ನಿಂತಿದ್ದ.

ಅತ್ತಿಗೆ ಅದೇ ಮರದ ಕೆಳಗೆ ಹೋಗಿ, ಗಂಡನ ಕ್ಯಾಮರಾವನ್ನು ಕಣ್ಣಿಗೆ ಒತ್ತಿ, ಅವನ ಹಾಗೇ ನಿಂತು ನೋಡಿದಳು. ದೂರದ ಕೆಂಪು ಮರಗಳೆಲ್ಲ ಮಸುಕು.

“ಲೆನ್ಸ್ ತಿರುಗಿಸಿ ಅತ್ತಿಗೆ, ಫೋಕಸ್ ಆಗುತ್ತೆ.”

“ತಡಿಯೇ. ಇದು ನಿಮ್ಮಣ್ಣ ಬಿಟ್ಟ ಹಾಗೇ ಇದೆ, ಆಮೇಲೆ ಯಾರೂ ತಿರುಗಿಸಿಲ್ಲ. ಅವರು ಯಾವುದಕ್ಕೆ ಫೋಕಸ್ ಇಟ್ಟಿದ್ರು ಅಂತ ನೋಡೋಣ.”

ಕ್ಯಾಮರಾವನ್ನು ಮೆಲ್ಲಗೆ ಅತ್ತಿತ್ತ ಹೊರಳಿಸಿದಳು. ಮರ, ಬೇಲಿ, ಕೊಳ ಎಲ್ಲವೂ ಮಂಜುಮಂಜು. ಹತ್ತಿರದ ಕಲ್ಲುಬೆಂಚು ಮಾತ್ರ ಕೆತ್ತಿಟ್ಟಂತೆ ಕಂಡಿತು. ಹೋದ ವರ್ಷ, “ಮರ ತೆಗೆದಿದ್ದು ಸಾಕು, ಮನೆಗೆ ನಡೀರಿ,” ಎಂದು ಗೊಣಗುತ್ತ ಅವಳೇ ಕೂತಿದ್ದ ಬೆಂಚು.