ಕಿಟಕಿ ಪಕ್ಕದ ಟೇಬಲ್ಲು

ಅಳಿಯನ ತಂದೆತಾಯಿ ಮರುದಿನ ಪೋಲೆಂಡಿನಿಂದ ಬಂದಿಳಿಯುವವರಿದ್ದರು. ಬೀಗರಿಗೆ ಅವರ ಕಡೆಯ ಊಟವನ್ನೇ ಹಾಕಿಸಿ ಸೈ ಅನ್ನಿಸಿಕೊಳ್ಳಬೇಕೆಂದು ಚಿಕ್ಕಲಿಂಗಯ್ಯನವರು ಹೆಂಡತಿಯನ್ನು ಕರೆದುಕೊಂಡು ಬೆಂಗಳೂರೆಲ್ಲ ಸುತ್ತಿದರು.

"ಲಾರಿಗಳು ನಿಂತಿರೋ ಡಾಬಾದಲ್ಲಿ ಊಟ ಚೆನ್ನಾಗಿರ್ತದೆ. ಹಂಗೇ ಪೋಲೆಂಡಿನೋರು ಕೂತು ತಿನ್ನೋ ಕಡೆ ಪೋಲೆಂಡ್ ಊಟ ಚೆನ್ನಾಗಿರ್ತದೆ," ಎನ್ನುವುದು ಅವರ ಲೆಕ್ಕಾಚಾರ.

ಪೋಲೆಂಡ್ ಊಟದ ಬೋರ್ಡು ಹಾಕಿದ್ದ ಎರಡು ಹೋಟೆಲುಗಳಲ್ಲಿ ಒಬ್ಬ ಬಿಳಿಯನೂ ಕಾಣದೆ ಬಾಗಿಲಿನಿಂದಲೇ ವಾಪಸಾದರು. ಮೂರನೆಯದರಲ್ಲಿ, ರಸ್ತೆಗೆ ಎದ್ದು ಕಾಣುವ ಕಿಟಕಿಯ ಪಕ್ಕದಲ್ಲೇ, ನರೆತ ಗಡ್ಡದ ವಿದೇಶಿಯೊಬ್ಬ ಕೂತಿದ್ದ.

"ಅವರು ಪೋಲೆಂಡಿನೋರಾ?" ಎಂದು ಸಪ್ಲೈಯರನ್ನು ಕೇಳಿದರು.

"ಹೂಂ ಸರ್, ಅಲ್ಲಿಯೋರೇ. ದಿನಾ ಬರ್ತಾರೆ."

ಚಿಕ್ಕಲಿಂಗಯ್ಯ ಗೆದ್ದವರಂತೆ ಕುರ್ಚಿ ಎಳೆದು ಕೂತರು. ಆಲೂಗಡ್ಡೆ ತುಂಬಿದ ಕಡುಬು ಬಂತು. ಹೆಂಡತಿ ಒಂದು ತುತ್ತು ತಿಂದು ಮುಖ ಕಿವುಚಿದರು. "ಉಪ್ಪಿಲ್ಲ, ಖಾರ ಇಲ್ಲ. ಹಿಟ್ಟೂ ಸರಿಯಾಗಿ ಬೆಂದಿಲ್ಲ."

"ಅವರ ರುಚಿ ನಿಂಗೇನು ಗೊತ್ತು? ಆವಯ್ಯನ್ನ ನೋಡು, ಅದೊಂದೇ ಕಡುಬನ್ನ ಆಗಿಂದ ಹೆಂಗೆ ಅನುಭವಿಸಿ ತಿಂತಾವ್ನೆ."

ನಾಳೆಗೆ ಟೇಬಲ್ ಹೇಳಿಟ್ಟು, ಹೊರಡುವ ಮುನ್ನ ಆ ಗಡ್ಡದವನೆದುರು ಕೈಮುಗಿದು ನಿಂತರು. ತಮಗೆ ಬಂದಷ್ಟು ಇಂಗ್ಲಿಷಿನಲ್ಲಿ, ನಿಮ್ಮ ದೇಶದ ಬೀಗರನ್ನು ನಾಳೆ ಇಲ್ಲಿಗೇ ಕರೆತರುತ್ತೇವೆ, ಊಟ ಅವರಿಗೆ ಹಿಡಿಸುತ್ತದಲ್ಲವೇ ಎಂದು ಕೇಳಿದರು.

ಅವನು ಓರೆಗಣ್ಣಲ್ಲಿ ಗಲ್ಲಾದ ಕಡೆ ನೋಡಿ, ದನಿ ತಗ್ಗಿಸಿ, ಅಚ್ಚ ಕನ್ನಡದಲ್ಲಿ ಹೇಳಿದ:

"ಈ ಕಿಟಕೀಲಿ ನನ್ನ ಡ್ಯೂಟಿ ಎರಡು ಗಂಟೆಗೆ ಮುಗಿಯುತ್ತೆ. ಆಮೇಲೆ ಎದುರಿನ ಮುದ್ದೆ ಹೋಟೆಲಿಗೆ ಬನ್ನಿ, ನಾನು ಊಟ ಮಾಡೋದು ಅಲ್ಲೇ."