ಭಾವನ ಸಂಗ್ರಹ

"ನಿನ್ನ ಪುಸ್ತಕಾನ ನಮ್ಮ ಆಫೀಸಿನ ಗ್ರೂಪಿಗೆಲ್ಲ ಹಾಕ್ಬಿಟ್ಟೆ ಕಣಮ್ಮ!" ಎಂದು ಭಾವ ಹೆಮ್ಮೆಯಿಂದ ಫೋನ್ ಚಾಚಿದಾಗ, ಹೊಲಿಗೆ ಟೀಚರ್ ಕೈಯಲ್ಲಿದ್ದ ಕತ್ತರಿ ಬಟ್ಟೆಯ ನಡುವೆಯೇ ನಿಂತಿತು. ಮಕ್ಕಳ ಉಡುಪು ಹೊಲಿಯುವುದನ್ನು ಕಲಿಸುವ ಆ ಇ-ಪುಸ್ತಕದ ಒಂದೊಂದು ಚಿತ್ರವನ್ನೂ ಅವಳೇ ಬರೆದಿದ್ದಳು. ಕೊಂಡವರಷ್ಟೇ ಓದಲೆಂದು ಪಾಸ್‌ವರ್ಡ್ ಹಾಕಿದ್ದಳು. ಅಕ್ಕನಿಗೆ ಮಾತ್ರ ಪ್ರೀತಿಯಿಂದ ಸುಮ್ಮನೆ ಕಳಿಸಿದ್ದಳು.

"ಅದಕ್ಕೆ ಪಾಸ್‌ವರ್ಡ್ ಇತ್ತಲ್ಲ ಭಾವ?"

"ಅದನ್ನ ತೆಗೆಸಿದೆ. ಇಷ್ಟಕ್ಕೆಲ್ಲ ಮುಖ ಊದಿಸ್ಕೋಬೇಡ, ನಿನಗೇ ಹೆಸರು ಬರುತ್ತೆ."

ಅವಳು ಫೋನ್ ಕಸಿದು ಮೊದಲ ಪುಟ ತೆರೆದಳು. ಅವಳ ಹೆಸರಿದ್ದ ಜಾಗದಲ್ಲಿ 'ಸಂಗ್ರಹ' ಎಂದು ಭಾವನ ಹೆಸರಿತ್ತು. ಗ್ರೂಪಿನ ತುಂಬ ಅವನಿಗೇ ಶಹಬ್ಬಾಸ್‌ಗಿರಿ. ಅಲ್ಲೇ, ಅವನದೇ ಫೋನಿನಿಂದ, ಒಂದು ಮೆಸೇಜ್ ಬರೆದು ಎಲ್ಲರಿಗೂ ಕಳಿಸಿದ ಮೇಲೆಯೇ ಫೋನ್ ವಾಪಸ್ ಕೊಟ್ಟಳು: 'ಇದು ನಾನು ಕದ್ದ ಪುಸ್ತಕ. ಬರೆದವಳು ನನ್ನ ನಾದಿನಿ.'